ತಪ್ಪು ಬರೆದ ಬಾಲಕ

ಪ್ರತಿ ವರ್ಷ ಮಾರ್ಚ್ ತಿಂಗಳು ಸಮೀಪಿಸಿತೆಂದರೆ, ನಾಡಿನ ಉಳಿದೆಡೆಗಳಲ್ಲಿರುವಂತೆಯೇ ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿಯೂ ಒಂದು ಬಗೆಯ ಆತಂಕವು ಮನೆಮನೆಯನ್ನು ಹೊಗುತ್ತದೆ. ಕಾರ್ಖಾನೆಯಲ್ಲಿ ರಾತ್ರಿ ಪಾಳಿಯನ್ನು ಮುಗಿಸಿ ಬಂದ ತಂದೆ, ಓದುತ್ತಿರುವ ಮಗನಿಗೆ ತೊಂದರೆಯಾಗದಂತೆ ಸದ್ದಿಲ್ಲದೆ ಮಲಗುತ್ತಾನೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ತಾಯಿ, ಬುತ್ತಿಯನ್ನು ಕಟ್ಟುತ್ತಲೇ ಮಗಳ ಪುಸ್ತಕದ ಕಡೆಗೊಮ್ಮೆ ನೋಡುತ್ತಾಳೆ. ಊರು ಬಿಟ್ಟು ಬಂದು, ಬಾಡಿಗೆಯ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವರಿಗೆ ಮಕ್ಕಳ ಅಂಕಪಟ್ಟಿಯೇ ಆಸ್ತಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯು ದಾಟಿದರೆ ಐ.ಟಿ.ಐ., ಡಿಪ್ಲೊಮಾ, ಕಾಲೇಜು ಎಂಬ ಬಾಗಿಲುಗಳು ತೆರೆಯುತ್ತವೆ. ದಾಟದಿದ್ದರೆ ಅವು ಮುಚ್ಚಿಯೇ ಉಳಿಯುತ್ತವೆಂಬ ಭಯ. ಇಂತಹ ಭಯವಿರುವೆಡೆಯಲ್ಲಿ ನಕಲು ಮಾಡುವ ಆಸೆಯೂ ಹುಟ್ಟುವುದು ಅಸಹಜವಲ್ಲ.

2024ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾಗಳನ್ನು ಅಳವಡಿಸಿ, ವೆಬ್‌ಕಾಸ್ಟಿಂಗ್ ಮೂಲಕ ದೂರದಲ್ಲಿ ಕುಳಿತು ಪರೀಕ್ಷೆಯನ್ನು ನೋಡುವ ಏರ್ಪಾಡನ್ನು ಮಾಡಲಾಯಿತು. ಹಿಂದಿನ ವರ್ಷ ನೂರಕ್ಕೆ 83.89ರಷ್ಟಿದ್ದ ಫಲಿತಾಂಶವು ಆ ವರ್ಷ, ಹೆಚ್ಚುವರಿ ಕೃಪಾಂಕಗಳನ್ನು ನೀಡಿದ ಮೇಲೂ, 73.40ಕ್ಕೆ ಇಳಿಯಿತು. ಇಳಿದುದೆಲ್ಲವೂ ನಕಲಿನ ಪಾಲೇ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಓದಿನ ಕೊರತೆಯೇ ಮೊದಲಾದ ಬೇರೆ ಕಾರಣಗಳೂ ಇರಬಹುದು. ಆದರೆ ಯೋಚಿಸಬೇಕಾದ ಒಂದು ಪ್ರಶ್ನೆಯು ಅಲ್ಲಿ ಉಳಿಯಿತು. ಕ್ಯಾಮೆರಾ ನೋಡುತ್ತಿದೆಯೆಂಬ ಕಾರಣದಿಂದ ಸುಮ್ಮನಿರುವ ಕೈಗೂ, ಯಾರೂ ನೋಡದಿದ್ದಾಗಲೂ ಸುಮ್ಮನಿರುವ ಕೈಗೂ ಇರುವ ಅಂತರವೇನು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸುಮಾರು ನೂರನಾಲ್ವತ್ತು ವರ್ಷಗಳಷ್ಟು ಹಿಂದಿನ ಇನ್ನೊಂದು ಪರೀಕ್ಷಾ ಕೊಠಡಿಗೆ ನಾವು ಹೋಗಬೇಕಾಗಿದೆ. ಅಲ್ಲಿ ಕ್ಯಾಮೆರಾ ಇರಲಿಲ್ಲ. ಕಾವಲಿಗೆ ಉಪಾಧ್ಯಾಯರೊಬ್ಬರಿದ್ದರು, ನಕಲು ಮಾಡೆಂದು ಸೂಚಿಸಿದವರೂ ಅವರೇ.

ಮೋಹನದಾಸ ಕರಮಚಂದ ಗಾಂಧಿಯು 1869ನೆಯ ಅಕ್ಟೋಬರ್ 2ರಂದು ಕಾಠಿಯಾವಾಡದ ಸಮುದ್ರತೀರದ ಪೋರಬಂದರಿನಲ್ಲಿ ಜನಿಸಿದನು. ತಂದೆ ಕರಮಚಂದರು ಆ ಸಂಸ್ಥಾನದ ದಿವಾನರು. ಓದು ಅಲ್ಪವಾದರೂ ವ್ಯವಹಾರಜ್ಞಾನದಲ್ಲಿಯೂ ನಿಷ್ಪಕ್ಷಪಾತದಲ್ಲಿಯೂ ಹೆಸರಾದವರು. ತಾಯಿ ಪುತಲೀಬಾಯಿಯು ವ್ರತನಿಷ್ಠೆ. ಮಳೆಗಾಲದಲ್ಲಿ ಸೂರ್ಯನನ್ನು ಕಂಡಲ್ಲದೆ ಉಣ್ಣೆನೆಂಬ ವ್ರತವನ್ನು ಹಿಡಿದಾಗ, ಮಕ್ಕಳು ಅಂಗಳದಲ್ಲಿ ನಿಂತು ಮೋಡಗಳ ನಡುವೆ ಸೂರ್ಯನನ್ನು ಹುಡುಕುತ್ತಿದ್ದರು. ಕಂಡೊಡನೆ ಓಡಿ ಬಂದು ಹೇಳುವರು. ತಾಯಿ ಹೊರಬರುವಷ್ಟರಲ್ಲಿ ಸೂರ್ಯನು ಮರೆಯಾಗಿರುವನು. ಆಕೆ ಬೇಸರಿಸದೆ ನಗುತ್ತ ಕೆಲಸಕ್ಕೆ ಹಿಂದಿರುಗುವಳು. ತಾನೇ ಕಣ್ಣಾರೆ ಕಾಣದಿದ್ದರೂ ಮಕ್ಕಳು ಕಂಡರಲ್ಲ ಎಂದು ಉಂಡುಬಿಡುವುದು ಸುಲಭವಾಗಿತ್ತು. ಹಾಗೆ ಮಾಡದ ತಾಯಿಯನ್ನು ನೋಡುತ್ತ ಬೆಳೆದ ಹುಡುಗನು ಈತ.

ತಂದೆಗೆ ರಾಜಕೋಟೆಯಲ್ಲಿ ಅಧಿಕಾರ ದೊರೆತುದರಿಂದ ಮೋಹನದಾಸನ ಏಳನೆಯ ವಯಸ್ಸಿನ ಸುಮಾರಿಗೆ ಕುಟುಂಬವು ಅಲ್ಲಿಗೆ ಬಂದಿತು. ಪ್ರಾಥಮಿಕ ಶಾಲೆಗಳನ್ನು ಮುಗಿಸಿ ಆತನು ಊರಿನ ಪ್ರೌಢಶಾಲೆಯನ್ನು ಸೇರಿದನು. ಮುಂದೆ ಆಲ್ಫ್ರೆಡ್ ಹೈಸ್ಕೂಲು ಎಂದು ಹೆಸರಾದ ಶಾಲೆಯೇ ಅದು. ನಮ್ಮ ವೈಟ್‌ಫೀಲ್ಡ್ ಎಂಬ ಊರು ಆಂಗ್ಲೋ ಇಂಡಿಯನ್ನರ ನೆಲೆಯಾಗಿ ಹುಟ್ಟಿದ 1882ರ ಹೊತ್ತಿಗೆ ಈತನು ಅಲ್ಲಿ ವಿದ್ಯಾರ್ಥಿಯಾಗಿದ್ದನು. ಬಲು ನಾಚಿಕೆಯ ಹುಡುಗ. ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿರುವುದು, ಬಿಟ್ಟೊಡನೆ ಮನೆಗೆ ಓಡುವುದು, ಇಷ್ಟೇ ಅವನ ನಿತ್ಯಕ್ರಮ. ಯಾರಾದರೂ ಮಾತನಾಡಿಸಿ ಪರಿಹಾಸ್ಯ ಮಾಡಿಯಾರೆಂಬ ಅಂಜಿಕೆಯಿಂದಲೇ ಆ ಓಟ. ಪುಸ್ತಕ, ಪಾಠ ಇವೆರಡೇ ಸಂಗಾತಿಗಳಾಗಿದ್ದರೂ ಜಾಣನೆಂಬ ಹೆಸರೇನೂ ಇರಲಿಲ್ಲ.

ಪ್ರೌಢಶಾಲೆಯ ಮೊದಲ ವರ್ಷದಲ್ಲಿಯೇ ಆ ಘಟನೆಯು ನಡೆಯಿತು. ಗೈಲ್ಸ್ ಎಂಬ ವಿದ್ಯಾಧಿಕಾರಿಗಳು ಶಾಲೆಯ ತನಿಖೆಗೆ ಬಂದರು. ಇನ್‌ಸ್ಪೆಕ್ಟರರು ಬರುವ ದಿನವೆಂದರೆ ಆ ಕಾಲದ ಶಾಲೆಗಳಿಗೆ ಪರೀಕ್ಷೆಯ ದಿನ. ಹುಡುಗರಿಗಿಂತ ಮಿಗಿಲಾಗಿ ಉಪಾಧ್ಯಾಯರಿಗೆ. ತರಗತಿಯು ಹೇಗಿದೆಯೆಂಬುದರ ಮೇಲೆ ಅವರ ಹೆಸರು ನಿಂತಿರುತ್ತಿದ್ದಿತು. ಗೈಲ್ಸರು ಐದು ಇಂಗ್ಲಿಷ್ ಪದಗಳನ್ನು ಹೇಳಿ, ಅವನ್ನು ಕಾಗುಣಿತ ತಪ್ಪದಂತೆ ಬರೆಯಬೇಕೆಂದರು. ಅವುಗಳಲ್ಲಿ ಒಂದು ಕೆಟಲ್ ಎಂಬುದು. ನೀರು ಕಾಯಿಸುವ, ಮೂತಿಯುಳ್ಳ ಪಾತ್ರೆಯ ಹೆಸರು. ಮೋಹನದಾಸನು ಆ ಒಂದು ಪದವನ್ನು ತಪ್ಪಾಗಿ ಬರೆದನು.

ತರಗತಿಯ ಉಪಾಧ್ಯಾಯರು ಅದನ್ನು ಕಂಡರು. ಇನ್‌ಸ್ಪೆಕ್ಟರರ ಕಣ್ಣು ತಪ್ಪಿಸಿ, ತಮ್ಮ ಬೂಟಿನ ತುದಿಯಿಂದ ಹುಡುಗನನ್ನು ಮೆಲ್ಲನೆ ತಿವಿದು, ಪಕ್ಕದವನ ಸ್ಲೇಟನ್ನು ನೋಡಿ ತಿದ್ದಿಕೊಳ್ಳೆಂದು ಸನ್ನೆ ಮಾಡಿದರು. ಹುಡುಗನು ತಿದ್ದಿಕೊಳ್ಳಲಿಲ್ಲ. ಸ್ಲೇಟುಗಳನ್ನು ನೋಡಿದಾಗ ಉಳಿದ ಹುಡುಗರೆಲ್ಲರೂ ಐದು ಪದಗಳನ್ನೂ ಸರಿಯಾಗಿಯೇ ಬರೆದಿದ್ದರು, ತಪ್ಪಿದವನು ಇವನೊಬ್ಬನೇ. ತನಿಖೆಯು ಮುಗಿದ ಮೇಲೆ ಉಪಾಧ್ಯಾಯರು ಅವನ ದಡ್ಡತನವನ್ನು ಅವನಿಗೆ ಮನಗಾಣಿಸಲು ಪ್ರಯತ್ನಿಸಿದರಂತೆ. ಪ್ರಯೋಜನವಾಗಲಿಲ್ಲ. ನಕಲು ಮಾಡುವ ವಿದ್ಯೆಯು ತನಗೆ ಕೊನೆಗೂ ಹಿಡಿಯಲಿಲ್ಲವೆಂದು ಗಾಂಧೀಜಿಯವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಈ ಪ್ರಸಂಗವನ್ನು ಹೇಳುವವರು ಹಲವರು. ಬಾಲಕನು ಗುರುವಿನ ಮಾತನ್ನು ಧೀರನಾಗಿ ಧಿಕ್ಕರಿಸಿದನೆಂದು ವರ್ಣಿಸುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಗಾಂಧೀಜಿಯವರು ಬರೆದಿರುವುದು ಹಾಗಲ್ಲ. ಉಪಾಧ್ಯಾಯರು ಏನನ್ನು ಸೂಚಿಸುತ್ತಿದ್ದಾರೆಂಬುದೇ ಆ ಹುಡುಗನಿಗೆ ಹೊಳೆಯಲಿಲ್ಲ. ಉಪಾಧ್ಯಾಯರು ಅಲ್ಲಿ ನಿಂತಿರುವುದು ಹುಡುಗರು ಒಬ್ಬರನ್ನೊಬ್ಬರು ನೋಡಿ ಬರೆಯದಂತೆ ಕಾಯಲೆಂದೇ ಅವನು ತಿಳಿದಿದ್ದನು. ಕಾವಲಿಗೆ ನಿಂತವನೇ ಕದಿಯೆಂದು ಹೇಳಿಯಾನೆಂಬ ಕಲ್ಪನೆಯು ಅವನ ತಲೆಯಲ್ಲಿ ಸುಳಿಯಲು ಎಡೆಯೇ ಇರಲಿಲ್ಲ. ಆದುದರಿಂದ ಇದು ಪ್ರಲೋಭನೆಯನ್ನು ಗೆದ್ದ ಕಥೆಯಲ್ಲ. ಪ್ರಲೋಭನೆಯು ಬಂದುದೇ ತಿಳಿಯದವನ ಕಥೆ. ನಮ್ಮ ಎಣಿಕೆಯಲ್ಲಿ ಇದರಿಂದ ಪ್ರಸಂಗದ ಬೆಲೆಯು ಕುಗ್ಗುವುದಿಲ್ಲ. ಶೌರ್ಯವು ಎಲ್ಲರಿಗೂ ಒದಗುವುದಲ್ಲ. ಒಂದು ಕೆಲಸವು ಏತಕ್ಕಾಗಿ ಇದೆಯೆಂಬುದನ್ನು ಸ್ಪಷ್ಟವಾಗಿ ತಿಳಿದಿರುವುದು ಹನ್ನೆರಡು ವರ್ಷದ ಸಾಧಾರಣ ಬುದ್ಧಿಯ ಹುಡುಗನಿಗೂ ಸಾಧ್ಯವಾಗುತ್ತದೆ. ತನಗೆ ಕಾಗುಣಿತ ಬರುವುದೋ ಇಲ್ಲವೋ ಎಂದು ತಿಳಿಯಲು ಪರೀಕ್ಷೆಯಿದೆ. ಬರುವುದಿಲ್ಲವೆಂದು ತಿಳಿದರೆ ಪರೀಕ್ಷೆಯು ತನ್ನ ಕೆಲಸವನ್ನು ಮಾಡಿದಂತಾಯಿತು. ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಯಂತ್ರದ ಮುಂದೆ ನಿಂತ ಕೆಲಸಗಾರನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮೈಕ್ರೊಮೀಟರು ತೋರಿಸಿದ ಅಳತೆಯನ್ನು ಬಿಟ್ಟು, ಪಕ್ಕದವನ ಕಾಗದದಲ್ಲಿದ್ದ ಅಳತೆಯನ್ನು ಬರೆದುಕೊಂಡರೆ ಕಾಗದವೇನೋ ಚೆನ್ನಾಗಿ ಕಾಣುತ್ತದೆ. ಬಿಡಿಭಾಗವು ಮಾತ್ರ ಯಂತ್ರದಲ್ಲಿ ಕೂರುವುದಿಲ್ಲ.

ಇನ್ನೊಂದು ಸಂಗತಿಯು ಇದಕ್ಕಿಂತಲೂ ವಿಚಿತ್ರವಾದುದು. ಈ ಘಟನೆಯಿಂದ ಉಪಾಧ್ಯಾಯರ ಮೇಲಿನ ಗೌರವವು ಅವನಲ್ಲಿ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆ ಉಪಾಧ್ಯಾಯರ ಇನ್ನೂ ಹಲವು ದೋಷಗಳು ಮುಂದೆ ಅವನಿಗೆ ತಿಳಿದುಬಂದುವು. ಆಗಲೂ ಗೌರವವು ಹಾಗೆಯೇ ಉಳಿಯಿತು. ಹಿರಿಯರು ಹೇಳಿದುದನ್ನು ಮಾಡಬೇಕು, ಅವರ ನಡತೆಯನ್ನು ತೂಗಿ ನೋಡಬಾರದು ಎಂದು ಅವನು ಕಲಿತಿದ್ದನು. ಹಿರಿಯರು ಹೇಳಿದುದನ್ನು ಮಾಡುವುದೇ ಧರ್ಮವಾದರೆ ಆತನು ನಕಲು ಮಾಡಬೇಕಾಗಿತ್ತಲ್ಲವೇ? ಹನ್ನೆರಡರ ವಯಸ್ಸಿನಲ್ಲಿ ಆತನು ಈ ತೊಡಕನ್ನು ಬಿಡಿಸಲಿಲ್ಲ. ಹಿರಿಯರ ಮೇಲಿನ ಪ್ರೀತಿಯನ್ನು ಬಿಡದೆಯೇ ಅವರ ತಪ್ಪನ್ನು ಒಪ್ಪದಿರುವ ದಾರಿಯೊಂದನ್ನು ಮುಂದೆ ಜೀವಮಾನವೆಲ್ಲ ಹುಡುಕಿದವನು, ಅಂದು ಅದರ ಬಾಗಿಲಲ್ಲಿ ತಿಳಿಯದೆಯೇ ನಿಂತಿದ್ದನು.

ಅದೇ ಕಾಲದಲ್ಲಿ ನಾಟಕ ಮಂಡಳಿಯೊಂದು ಊರಿಗೆ ಬಂದು ಹರಿಶ್ಚಂದ್ರನ ಆಟವನ್ನು ಆಡಿತು. ತಂದೆಯ ಅಪ್ಪಣೆ ಪಡೆದು ಹುಡುಗನು ಅದನ್ನು ನೋಡಿ ಬಂದನು. ರಾಘವಾಂಕನ ಕಾವ್ಯದ ಮೂಲಕ ಕನ್ನಡಿಗರಿಗೆ ಚಿರಪರಿಚಿತನಾದ ಆ ದೊರೆಯ ಕಥೆಯು ಅವನನ್ನು ಹಗಲಿರುಳೂ ಕಾಡಿತು. ಎಷ್ಟು ಸಲ ನೋಡಿದರೂ ದಣಿವಿಲ್ಲ. ಆದರೆ ಎಷ್ಟು ಸಲವೆಂದು ಮನೆಯಲ್ಲಿ ಬಿಟ್ಟಾರು? ಮನಸ್ಸಿನಲ್ಲಿಯೇ ಅದನ್ನು ಲೆಕ್ಕವಿಲ್ಲದಷ್ಟು ಬಾರಿ ಆಡಿಕೊಂಡು ಅತ್ತನು. ಎಲ್ಲರೂ ಹರಿಶ್ಚಂದ್ರನಂತೆ ಏಕಿರಬಾರದೆಂಬುದೇ ಅವನ ಪ್ರಶ್ನೆಯಾಯಿತು.

ಇಷ್ಟನ್ನು ಕೇಳಿ, ಈತನು ಹುಟ್ಟಿನಿಂದಲೇ ನಿರ್ದೋಷಿಯೆಂದು ನೀವು ತಿಳಿದರೆ ಅದು ತಪ್ಪಾಗುತ್ತದೆ. ಸ್ಲೇಟನ್ನು ನೋಡಿ ಬರೆಯದ ಇದೇ ಹುಡುಗನು ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ನಂಟನೊಬ್ಬನೊಡನೆ ಸೇರಿ ಕದ್ದು ಬೀಡಿ ಸೇದಿದನು. ಅದಕ್ಕಾಗಿ ಮನೆಯ ಆಳಿನ ಪುಡಿಗಾಸನ್ನು ಕದ್ದನು. ಗೆಳೆಯನೊಬ್ಬನ ಮಾತಿಗೆ ಮರುಳಾಗಿ ಮನೆಯವರಿಗೆ ತಿಳಿಯದಂತೆ ಮಾಂಸಾಹಾರವನ್ನು ಸೇವಿಸಿ, ಮನೆಗೆ ಬಂದು ಹಸಿವಿಲ್ಲವೆಂದು ತಾಯಿಗೆ ಸುಳ್ಳು ಹೇಳಿದನು. ಒಂದು ಕಡೆ ಪ್ರಾಮಾಣಿಕನಾದವನು ಇನ್ನೊಂದು ಕಡೆ ಹಾಗಿರದಿರಬಹುದೇ ಎಂದು ಸಂಶಯಪಡುವವರಿಗೆ ಅಮೆರಿಕದ ಒಂದು ಸಂಶೋಧನೆಯನ್ನು ಇಲ್ಲಿ ನೆನಪು ಮಾಡಬಹುದು. ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬ ವಿದ್ವಾಂಸರು 1920ರ ದಶಕದಲ್ಲಿ ಸುಮಾರು 11,000 ಶಾಲಾಮಕ್ಕಳನ್ನು ನಾನಾ ಸನ್ನಿವೇಶಗಳಲ್ಲಿ ಪರೀಕ್ಷಿಸಿ, ತಮ್ಮ ಗ್ರಂಥವನ್ನು 1928ರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಮೋಸ ಮಾಡಿದ ಮಗುವು ಆಟದಲ್ಲಿ ಮೋಸ ಮಾಡಲೇಬೇಕೆಂದಿಲ್ಲ. ಹಣ ಮುಟ್ಟದ ಮಗುವು ಉತ್ತರವನ್ನು ಕದಿಯಬಹುದು. ಮಕ್ಕಳನ್ನು ಪ್ರಾಮಾಣಿಕರು, ಅಪ್ರಾಮಾಣಿಕರು ಎಂದು ಎರಡು ಸಾಲಾಗಿ ನಿಲ್ಲಿಸುವುದು ಆಗದ ಕೆಲಸವೆಂದು ಅವರು ಕಂಡುಕೊಂಡರು. ರಾಜಕೋಟೆಯ ಹುಡುಗನೂ ಯಾವ ಸಾಲಿನಲ್ಲಿಯೂ ಪೂರ್ತಿಯಾಗಿ ನಿಲ್ಲುವವನಲ್ಲ.

ಹದಿನೈದರ ವಯಸ್ಸಿನಲ್ಲಿ ನಡೆದುದು ಇನ್ನೂ ದೊಡ್ಡದು. ಅಣ್ಣನೊಬ್ಬನು ಸುಮಾರು 25 ರೂಪಾಯಿ ಸಾಲ ಮಾಡಿಕೊಂಡಿದ್ದನು. ಅವನ ತೋಳಿನಲ್ಲಿ ಚಿನ್ನದ ಕಡಗವಿದ್ದಿತು. ಅದರಿಂದ ಚೂರೊಂದನ್ನು ಕತ್ತರಿಸಿ ಮಾರಿ ಸಾಲವನ್ನು ತೀರಿಸಲಾಯಿತು. ಸಾಲವು ತೀರಿತು, ಮೋಹನದಾಸನ ನೆಮ್ಮದಿಯೂ ತೀರಿತು. ತಂದೆಗೆ ಹೇಳಿಬಿಡಬೇಕೆಂದು ನಿಶ್ಚಯಿಸಿದರೂ ನಾಲಿಗೆಯು ಏಳಲಿಲ್ಲ. ಹೊಡೆತದ ಭಯವಲ್ಲ, ಆ ತಂದೆ ಮಕ್ಕಳನ್ನು ಹೊಡೆದವರಲ್ಲ. ಅವರಿಗೆ ನೋವಾದೀತೆಂಬ ಭಯ. ಕಡೆಗೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ತಕ್ಕ ಶಿಕ್ಷೆಯನ್ನು ಕೊಡಬೇಕೆಂದೂ, ತನ್ನ ತಪ್ಪಿಗಾಗಿ ತಂದೆಯವರು ತಮ್ಮನ್ನು ತಾವು ದಂಡಿಸಿಕೊಳ್ಳಬಾರದೆಂದೂ ಬೇಡಿ, ನಡುಗುವ ಕೈಗಳಿಂದ ಅದನ್ನು ತಂದೆಗೆ ಕೊಟ್ಟನು. ಕರಮಚಂದರು ಆಗ ಕಾಯಿಲೆಯಿಂದ ಹಲಗೆಯ ಮಂಚದ ಮೇಲೆ ಮಲಗಿದ್ದರು. ಎದ್ದು ಕುಳಿತು ಓದಿದರು. ಕಣ್ಣೀರು ಹರಿದು ಕಾಗದವು ತೊಯ್ದಿತು. ಅರೆಗಳಿಗೆ ಕಣ್ಣು ಮುಚ್ಚಿ ಯೋಚಿಸಿ, ಚೀಟಿಯನ್ನು ಹರಿದುಹಾಕಿ, ಮತ್ತೆ ಮಲಗಿಕೊಂಡರು. ಒಂದು ಮಾತೂ ಇಲ್ಲ. ಹುಡುಗನೂ ಅತ್ತನು. ಆ ದೃಶ್ಯವು ಮುಪ್ಪಿನಲ್ಲಿಯೂ ಅವರ ಕಣ್ಣಿಗೆ ಕಟ್ಟಿದಂತಿದ್ದಿತು; ಚಿತ್ರಕಾರನಾಗಿದ್ದರೆ ಇಂದಿಗೂ ಬಿಡಿಸಬಲ್ಲೆನೆಂದು ಬರೆದುಕೊಳ್ಳುವಷ್ಟು.

ತಪ್ಪು ಮಾಡದೆಯೇ ದಂಡ ತೆತ್ತ ಪ್ರಸಂಗವೂ ಒಂದಿದೆ. ದೊರಾಬ್ಜಿ ಎದುಲ್ಜಿ ಗಿಮಿ ಎಂಬ ಪಾರ್ಸಿ ಮಹನೀಯರು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಶಿಸ್ತಿನವರು, ಹುಡುಗರಿಗೆ ಪ್ರಿಯರು. ಮೇಲಿನ ತರಗತಿಗಳಿಗೆ ಅಂಗಸಾಧನೆಯನ್ನು ಅವರು ಕಡ್ಡಾಯ ಮಾಡಿದ್ದರು. ಒಂದು ಶನಿವಾರ, ಶಾಲೆಯು ಬೆಳಿಗ್ಗೆಯೇ ನಡೆದುದರಿಂದ ಸಂಜೆ 4 ಗಂಟೆಗೆ ಮನೆಯಿಂದ ಮತ್ತೆ ಬರಬೇಕಾಗಿದ್ದಿತು. ಮೋಹನದಾಸನ ಬಳಿ ಗಡಿಯಾರವಿರಲಿಲ್ಲ. ಮೋಡ ಕವಿದಿದ್ದುದರಿಂದ ಹೊತ್ತು ತಿಳಿಯಲಿಲ್ಲ. ಬರುವಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ಮರುದಿನ ಕಾರಣ ಕೇಳಿದಾಗ ನಡೆದುದನ್ನೇ ಹೇಳಿದನು. ಗಿಮಿಯವರು ನಂಬಲಿಲ್ಲ, ಒಂದೋ ಎರಡೋ ಆಣೆ ದಂಡ ವಿಧಿಸಿದರು. ಹಣ ಹೋದುದಕ್ಕಲ್ಲ, ಸುಳ್ಳುಗಾರನೆಂಬ ತೀರ್ಮಾನವಾಯಿತಲ್ಲ ಎಂಬುದಕ್ಕಾಗಿ ಅವನು ಬಹಳ ಅತ್ತನು. ನಿರ್ದೋಷಿಯೆಂದು ತೋರಿಸಲು ಅವನಲ್ಲಿ ಯಾವ ಸಾಕ್ಷಿಯೂ ಇರಲಿಲ್ಲ. ನಿಜ ಹೇಳುವವನು ಎಚ್ಚರದಿಂದಲೂ ಇರಬೇಕೆಂಬುದು ಅಂದು ಅವನು ಮಾಡಿಕೊಂಡ ತೀರ್ಮಾನ. ದಂಡವು ಕೊನೆಗೆ ಮಾಫಿಯಾದಂತೆ ಅವರಿಗೆ ಮಸುಕಾಗಿ ನೆನಪಿದ್ದಿತು. ನಂಬದಿದ್ದ ಮುಖ್ಯೋಪಾಧ್ಯಾಯರ ಮೇಲೆ ಇಲ್ಲಿಯೂ ದೂರಿಲ್ಲ. ಓದುವ ನಮಗೆ ಮಾತ್ರ ಆ ಹುಡುಗನ ಪರವಾಗಿ ಒಂದಿಷ್ಟು ಕೋಪ ಬರುವುದುಂಟು.

1887ರಲ್ಲಿ ಮೋಹನದಾಸನು ಅಹಮದಾಬಾದಿಗೆ ಹೋಗಿ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತನು. 625 ಅಂಕಗಳಿಗೆ 247½ ಅಂಕಗಳು ಬಂದುವು, ನೂರಕ್ಕೆ ನಲವತ್ತರಷ್ಟು. ಇಂದಿನ ದಿನಗಳಲ್ಲಾದರೆ ಮನೆಯವರು ನೆರೆಹೊರೆಗೆ ಹೇಳಿಕೊಳ್ಳಲು ಹಿಂಜರಿಯುತ್ತಿದ್ದ ಅಂಕಗಳವು. ಆದರೆ ಅಷ್ಟೂ ಅವನವೇ ಆಗಿದ್ದುವು.

ಮರುವರ್ಷ ಸೆಪ್ಟೆಂಬರಿನಲ್ಲಿ ಆತನು ಬ್ಯಾರಿಸ್ಟರ್ ಪದವಿಗಾಗಿ ಇಂಗ್ಲೆಂಡಿಗೆ ಹಡಗು ಹತ್ತಿದನು. ಅಲ್ಲಿನ ಪರೀಕ್ಷೆಗಳ ರೀತಿಯು ಸ್ವಾರಸ್ಯವಾದುದು. ರೋಮನ್ ನ್ಯಾಯ, ಇಂಗ್ಲೆಂಡಿನ ಸಾಮಾನ್ಯ ನ್ಯಾಯ ಎಂಬ ಎರಡು ಪರೀಕ್ಷೆಗಳಿದ್ದುವು. ಪಠ್ಯಗ್ರಂಥಗಳನ್ನು ಗೊತ್ತುಮಾಡಿದ್ದರೂ ಓದುವವರು ಇಲ್ಲವೇ ಇಲ್ಲವೆಂಬಂತಿದ್ದಿತು. ಟಿಪ್ಪಣಿ ಪುಸ್ತಕಗಳನ್ನು ಎರಡು ವಾರ ತಿರುವಿಹಾಕಿ ಮೊದಲನೆಯದನ್ನೂ, ಎರಡು ಮೂರು ತಿಂಗಳು ಓದಿ ಎರಡನೆಯದನ್ನೂ ದಾಟಿಬಿಡುತ್ತಿದ್ದರು. ಪ್ರಶ್ನೆಗಳು ಸುಲಭ, ಪರೀಕ್ಷಕರು ಉದಾರಿಗಳು, ರೋಮನ್ ನ್ಯಾಯದಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಮಂದಿ ಉತ್ತೀರ್ಣರಾಗುತ್ತಿದ್ದರು. ಗೈಡುಗಳನ್ನು ಬಲ್ಲ ನಮಗೆ ಇದೇನೂ ಹೊಸದಲ್ಲ. ಇದನ್ನು ಯಾರೂ ನಕಲೆಂದು ಕರೆಯುತ್ತಿರಲಿಲ್ಲ. ಯಾವ ನಿಯಮವೂ ತಡೆಯುತ್ತಿರಲಿಲ್ಲ. ಆದರೂ ಗಾಂಧಿಯವರು ಗೊತ್ತುಮಾಡಿದ ಗ್ರಂಥಗಳನ್ನೆಲ್ಲ ಕೊಂಡು ಓದಲು ಕುಳಿತರು. ಅವನ್ನು ಓದದೆ ಪದವಿಯನ್ನು ಪಡೆಯುವುದು ವಂಚನೆಯೆಂದು ಅವರಿಗೆ ತೋರಿತು. ರೋಮನ್ ನ್ಯಾಯವನ್ನು ಲ್ಯಾಟಿನ್ ಭಾಷೆಯಲ್ಲಿಯೇ ಓದಿದರು. ಇಂಗ್ಲೆಂಡಿನ ನ್ಯಾಯಗ್ರಂಥಗಳಿಗೆ ಒಂಬತ್ತು ತಿಂಗಳ ಕಷ್ಟದ ದುಡಿಮೆ ಬೇಕಾಯಿತು.

ರಾಜಕೋಟೆಯಲ್ಲಿ ಹುಡುಗನು ತಿಳಿಯದೆ ಮಾಡಿದುದನ್ನು ಲಂಡನಿನಲ್ಲಿ ತರುಣನು ತಿಳಿದು ಮಾಡಿದನು. ಎರಡನ್ನೂ ಹೋಲಿಸಿದರೆ ನಮಗೆ ದೊಡ್ಡದಾಗಿ ಕಾಣುವುದು ಇದೇ. ಅಲ್ಲಿ ಸನ್ನೆಯು ಅರ್ಥವಾಗಿರಲಿಲ್ಲ. ಇಲ್ಲಿ ಸುಲಭದ ದಾರಿಯು ಕಣ್ಣೆದುರಿಗೇ ತೆರೆದಿದ್ದಿತು, ಎಲ್ಲರೂ ಅದರಲ್ಲಿಯೇ ನಡೆಯುತ್ತಿದ್ದರು, ಹಿಡಿಯುವವರೂ ಯಾರಿರಲಿಲ್ಲ. 1891ರ ಜೂನ್ 10ರಂದು ಅವರು ಬ್ಯಾರಿಸ್ಟರಾದರು; 12ರಂದು ಸ್ವದೇಶಕ್ಕೆ ಹೊರಟರು.

ಮುಂದಿನ ಕಥೆಯಲ್ಲಿ ಬಹುಭಾಗವು ನಿಮಗೆ ತಿಳಿದಿದೆ. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದುದು, ಅಲ್ಲಿನ ಭಾರತೀಯರ ಮಾನಕ್ಕಾಗಿ ಸತ್ಯಾಗ್ರಹವನ್ನು ಹೂಡಿದುದು ಇತ್ಯಾದಿಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಮಗೆ ಬೇಕಾದುದು ಗಾಂಧೀಜಿಯವರು ಉಪಾಧ್ಯಾಯರಾದ ಕಥೆ. 1910ರಲ್ಲಿ ಜೊಹಾನ್ಸ್‌ಬರ್ಗಿನ ಬಳಿ, ಗೆಳೆಯ ಕಲೆನ್‌ಬಾಕರು ಕೊಟ್ಟ ಸುಮಾರು 1,100 ಎಕರೆ ಭೂಮಿಯಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಎಂಬ ವಸತಿಯು ಆರಂಭವಾಯಿತು. ಸತ್ಯಾಗ್ರಹಿಗಳ ಮಕ್ಕಳಿಗೆ ಪಾಠ ಹೇಳುವ ಹೊಣೆಯನ್ನು ಅವರೂ ಹೊತ್ತರು. ತಮಿಳು, ಉರ್ದು ಕಲಿಸಬೇಕಾಗಿ ಬಂದಾಗ ಅವರಿಗೆ ಬರುತ್ತಿದ್ದುದು ಅಲ್ಪಸ್ವಲ್ಪ. ತಮಿಳು ಮಕ್ಕಳು ಗುರುವಿಗಿಂತ ಚೆನ್ನಾಗಿ ತಮಿಳನ್ನು ಬಲ್ಲವರು. ಆದರೆ ತಮ್ಮ ಅಜ್ಞಾನವನ್ನು ಮಕ್ಕಳಿಂದ ಮುಚ್ಚಿಡಲು ಅವರು ಎಂದೂ ಯತ್ನಿಸಲಿಲ್ಲ. ಅದರಿಂದ ಮಕ್ಕಳ ಪ್ರೀತಿಯು ಕುಂದಲೂ ಇಲ್ಲ. ತಾನು ಸುಳ್ಳಾಡುತ್ತ ಮಕ್ಕಳಿಗೆ ಸತ್ಯವನ್ನು ಕಲಿಸಲು ಹೊರಡುವುದು ವ್ಯರ್ಥವೆಂದು ಅವರು ನಂಬಿದ್ದರು. ಇನ್‌ಸ್ಪೆಕ್ಟರರ ಮುಂದೆ ತರಗತಿಯ ಕೊರತೆಯನ್ನು ಮರೆಮಾಡಲು ಹವಣಿಸಿದ ಆ ಬೂಟಿನ ತುದಿಯು ಇಲ್ಲಿ ನೆನಪಾಗದಿರದು.

ಅವರೇನೂ ತಪ್ಪದ ಗುರುವಾಗಿರಲಿಲ್ಲ. ಹದಿನೇಳು ವರ್ಷದ ತುಂಟನೊಬ್ಬನು ಯಾವ ಮಾತಿಗೂ ಬಗ್ಗದಿದ್ದಾಗ ತಾಳ್ಮೆ ಕಳೆದುಕೊಂಡು ರೂಲುಕೋಲಿನಿಂದ ಅವನ ತೋಳಿಗೆ ಹೊಡೆದರು. ಹೊಡೆಯುವಾಗ ಕೈ ನಡುಗಿತು. ಮೈಯಲ್ಲಿ ಬಲವಿದ್ದ ಆ ಹುಡುಗನು ತಿರುಗಿ ಹೊಡೆಯಬಹುದಾಗಿತ್ತು. ಹಾಗೆ ಮಾಡದೆ ಅತ್ತು ಕ್ಷಮೆ ಬೇಡಿದನು. ಹೊಡೆತದ ನೋವಿಗಿಂತ, ಹೊಡೆಯಬೇಕಾಗಿ ಬಂದವರ ಸಂಕಟವು ಅವನಿಗೆ ಕಂಡಿದ್ದಿತು. ಹುಡುಗನು ಸರಿಹೋದನು. ಆದರೂ ಆ ಹೊಡೆತಕ್ಕಾಗಿ ಗಾಂಧೀಜಿಯವರ ಪಶ್ಚಾತ್ತಾಪವು ಕೊನೆಯವರೆಗೂ ಉಳಿಯಿತು.

1913ರಲ್ಲಿ ಫೀನಿಕ್ಸ್ ಆಶ್ರಮದ ಇಬ್ಬರು ನೀತಿ ತಪ್ಪಿದರೆಂಬ ವಾರ್ತೆಯು ಜೊಹಾನ್ಸ್‌ಬರ್ಗಿನಲ್ಲಿದ್ದ ಅವರಿಗೆ ಸಿಡಿಲಿನಂತೆ ಎರಗಿತು. ಅಂದೇ ರೈಲು ಹತ್ತಿದರು. ದಾರಿಯುದ್ದಕ್ಕೂ ಅವರು ಯೋಚಿಸಿದುದು ತಪ್ಪಿದವರಿಗೆ ಯಾವ ಶಿಕ್ಷೆ ಕೊಡಬೇಕೆಂಬುದನ್ನಲ್ಲ. ಆ ತಪ್ಪಿನಲ್ಲಿ ತಮ್ಮ ಪಾಲೆಷ್ಟೆಂಬುದನ್ನು. ಮಕ್ಕಳು ಜಾರಿದರೆ ಪೋಷಕನೂ ಗುರುವೂ ಸ್ವಲ್ಪಮಟ್ಟಿಗಾದರೂ ಹೊಣೆಯೆಂದು ನಿಶ್ಚಯಿಸಿ, ಏಳು ದಿನಗಳ ಉಪವಾಸವನ್ನೂ, ನಾಲ್ಕೂವರೆ ತಿಂಗಳ ಕಾಲ ದಿನಕ್ಕೊಂದೇ ಊಟದ ವ್ರತವನ್ನೂ ಕೈಗೊಂಡರು. 1925ರ ನವೆಂಬರಿನಲ್ಲಿ ಸಾಬರಮತಿ ಆಶ್ರಮದ ಮಕ್ಕಳು ತಪ್ಪಿದಾಗಲೂ ಹಾಗೆಯೇ ಏಳು ದಿನ ಉಪವಾಸವಿದ್ದರು. ಆತ್ಮಕಥೆಯ ಪೀಠಿಕೆಗೆ ಅವರು ಹಾಕಿದ ತಾರೀಖು ಅದೇ ತಿಂಗಳ 26. ಉಪವಾಸದ ನಡುವಿನ ದಿನ. ಕೆಟಲಿನ ಕಥೆಯನ್ನು ಲೋಕವು ಓದಿದುದು ಅದಾದ ಮೇಲೆ. ಗುರುವಿನ ಹೊಣೆಯೆಷ್ಟೆಂಬ ವಿಚಾರವು ಮನಸ್ಸನ್ನು ಸುಡುತ್ತಿದ್ದ ಆ ದಿನಗಳಲ್ಲಿ ತಮ್ಮ ಬಾಲ್ಯದ ಗುರುವನ್ನು ಅವರು ಹೇಗೆ ನೆನೆದಿರಬಹುದು!

ಆತ್ಮಕಥೆಯು ವಾರವಾರವೂ ಪ್ರಕಟವಾಗುತ್ತಿದ್ದ ಕಾಲದಲ್ಲಿಯೇ, 1927ರಲ್ಲಿ, ಗಾಂಧೀಜಿಯವರು ಕನ್ನಡನಾಡಿನಲ್ಲಿ ಹಲವು ತಿಂಗಳು ತಂಗಿದ್ದರು. ಆರೋಗ್ಯ ಕೆಟ್ಟುದರಿಂದ ವೈದ್ಯರ ಸಲಹೆಯಂತೆ ಏಪ್ರಿಲ್ ತಿಂಗಳಲ್ಲಿ ನಂದಿಬೆಟ್ಟಕ್ಕೆ ಬಂದು, ಜೂನ್ ತಿಂಗಳಲ್ಲಿ ಬೆಂಗಳೂರಿಗೆ ಇಳಿದರು. ಆಡುಗೋಡಿಯ ಕಡೆಯ ಸರ್ಕಾರದ ಡೈರಿ ಸಂಸ್ಥೆಗೆ ಹೋಗಿ, ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ಹಸುಗಳ ಪಾಲನೆಯನ್ನು ಕಲಿತರು. ಐವತ್ತೇಳರ ವಯಸ್ಸಿನಲ್ಲಿ, ಲೋಕವೆಲ್ಲ ಮಹಾತ್ಮನೆಂದು ಕರೆಯುತ್ತಿದ್ದಾಗ, ತಿಳಿಯದುದನ್ನು ತಿಳಿಯದೆಂದು ಒಪ್ಪಿ ಮತ್ತೆ ವಿದ್ಯಾರ್ಥಿಯಾದರು. ಅಲ್ಲಿನ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ಒಬ್ಬ ರೈತನೆಂದು ಬರೆದುಕೊಂಡರು. ಇಂದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ವಾಹನಗಳ ಸಾಲು ಅದೇ ಹೊಸೂರು ರಸ್ತೆಯಲ್ಲಿ ಹರಿಯುತ್ತದೆ. 1936ರಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದಾಗ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಅವರ ಹಿಂದಿ ಭಾಷಣವನ್ನು ಕನ್ನಡಿಸಿದವನು, ಗೌರಿಬಿದನೂರು ತಾಲ್ಲೂಕಿನಿಂದ ಓದಲು ಬಂದಿದ್ದ ಬಡ ವಿದ್ಯಾರ್ಥಿ ಎಚ್. ನರಸಿಂಹಯ್ಯ. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂದು ಹುಡುಗರಿಗೆ ಹೇಳಿದವರು ಅವರೇ.

1948ರ ಜನವರಿ 30ರಂದು ಗಾಂಧೀಜಿಯವರು ದೆಹಲಿಯಲ್ಲಿ ಹಂತಕನ ಗುಂಡಿಗೆ ಬಲಿಯಾದರು. ರಾಜಕೋಟೆಯ ಪ್ರೌಢಶಾಲೆಗೆ ಸ್ವಾತಂತ್ರ್ಯಾನಂತರ ಅವರ ಹೆಸರನ್ನೇ ಇಡಲಾಯಿತು. 2017ರಲ್ಲಿ ಅಲ್ಲಿನ ಪಾಠಪ್ರವಚನಗಳು ನಿಂತುವು. 2018ರಲ್ಲಿ ಆ ಕಟ್ಟಡವು ಅವರ ಜೀವನವನ್ನು ತೋರಿಸುವ ಸಂಗ್ರಹಾಲಯವಾಯಿತು. ಆತ್ಮಕಥೆಯಲ್ಲಿ ಇನ್‌ಸ್ಪೆಕ್ಟರ್ ಗೈಲ್ಸರ ಹೆಸರಿದೆ. ದಂಡ ಹಾಕಿದ ಗಿಮಿಯವರ ಹೆಸರೂ, ಸಂಸ್ಕೃತವನ್ನು ಬಿಡದಂತೆ ಪ್ರೀತಿಯಿಂದ ತಡೆದ ಕೃಷ್ಣಶಂಕರ ಪಂಡ್ಯರ ಹೆಸರೂ ಇವೆ. ಬೂಟಿನ ತುದಿಯಿಂದ ತಿವಿದ ಉಪಾಧ್ಯಾಯರ ಹೆಸರನ್ನು ಮಾತ್ರ ಅವರು ಬರೆದಿಲ್ಲ.